ಸೂಪಾ ಈಗ ಎಲ್ಲಿದೆ?



ಉತ್ತರ ಕನ್ನಡ ಜಿಲ್ಲೆಯ ಹಳೆಯ ನಕಾಶೆಯೊಂದು ನಿಮ್ಮ ಶಾಲೆಯಲ್ಲಿಯೋ ಕಾಲೇಜಿನ ಗ್ರಂಥಾಲಯದಲ್ಲಿಯೋ ಸಿಕ್ಕರೆ ಅದನ್ನು ಮೇಜಿನ ಮೇಲೆ ಹರಡಿ ನೋಡಿ. 1970ಕ್ಕಿಂತ ಮೊದಲು ಅಚ್ಚಾದದ್ದಾದರೆ ಇನ್ನೂ ಒಳ್ಳೆಯದು. ಜಿಲ್ಲೆಯ ವಾಯವ್ಯ ಭಾಗದಲ್ಲಿ, ಕಾಳಿ ನದಿಗೆ ಪಾಂಡರಿ ನದಿ ಬಂದು ಕೂಡುವ ಸ್ಥಳದಲ್ಲಿ, ಸೂಪಾ ಎಂಬ ಊರು ಕಾಣಿಸುತ್ತದೆ. ಅದು ಅಂದಿನ ತಾಲ್ಲೂಕಿನ ಮುಖ್ಯ ಸ್ಥಳ. ತಾಲ್ಲೂಕಿಗೂ ಅದರದೇ ಹೆಸರು.

ಈಗ ಇತ್ತೀಚಿನ ನಕಾಶೆಯಲ್ಲಿ ಅದೇ ಜಾಗವನ್ನು ಹುಡುಕಿ. ಅಲ್ಲಿ ಊರಿಲ್ಲ. ನೀಲಿ ಬಣ್ಣದ ದೊಡ್ಡ ಜಲಾಶಯವೊಂದು ಸುತ್ತಲಿನ ಕಣಿವೆಗಳ ಒಳಗೆಲ್ಲ ಚಾಚಿಕೊಂಡಿದೆ. ತಾಲ್ಲೂಕಿನ ಮುಖ್ಯ ಸ್ಥಳ ಜೋಯಿಡಾ ಆಗಿದೆ. ಅಲ್ಲಿಂದ ಉತ್ತರಕ್ಕೆ, ಬೆಳಗಾವಿಯಿಂದ ಗೋವೆಗೆ ಹೋಗುವ ಹೆದ್ದಾರಿಯ ಮೇಲೆ, ರಾಮನಗರ ಎಂಬ ಊರಿದೆ. ಈಗಿನ ರಾಮನಗರದಷ್ಟು ದೊಡ್ಡ ಊರು ಹಳೆಯ ನಕಾಶೆಯಲ್ಲಿ ಆ ಜಾಗದಲ್ಲಿ ಕಾಣುವುದಿಲ್ಲ.

ಒಂದು ಊರು ನಕಾಶೆಯಿಂದ ಅಳಿಯಿತು, ಇನ್ನೊಂದು ಮೂಡಿತು. ಇವೆರಡೂ ಒಂದೇ ಕಥೆಯ ಎರಡು ತುದಿಗಳು. ನಮಗೆ ಚೆನ್ನಾಗಿ ಗೊತ್ತಿದ್ದ ಸೀಮೆಗೆ ಬಹಳ ವರ್ಷಗಳ ಮೇಲೆ ಮರಳಿ ಹೋದಾಗ ಏನನ್ನು ನೋಡಬೇಕು, ಹೇಗೆ ನೋಡಬೇಕು ಎಂಬುದನ್ನು ಕಲಿಯಲು ಇದಕ್ಕಿಂತ ಒಳ್ಳೆಯ ಪಾಠ ನಮ್ಮ ನಾಡಿನಲ್ಲಿ ಸಿಗುವುದು ಕಷ್ಟ. ಆದ್ದರಿಂದ ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡದ ಈ ಸೀಮೆಯಲ್ಲಿ ಒಂದು ಸುತ್ತು ಬರೋಣ.

"ಎಲ್ಲಾ ಬದಲಾಗಿಹೋಗಿದೆ"

ಬಹಳ ಕಾಲದ ಮೇಲೆ ಊರಿಗೆ ಬಂದವರ ಬಾಯಲ್ಲಿ ಮೊದಲು ಬರುವ ಮಾತು ಇದು. ಮಾತು ಸುಳ್ಳಲ್ಲ. ಆದರೆ ಇದರಿಂದ ನಮಗೆ ತಿಳಿಯುವುದು ಬಹಳ ಕಡಿಮೆ. ಏನು ಬದಲಾಯಿತು? ಯಾವಾಗ? ಯಾವ ಕಾರಣದಿಂದ? ಅದರಿಂದ ಯಾರಿಗೆ ಏನು ಸಿಕ್ಕಿತು, ಯಾರು ಏನು ಕಳೆದುಕೊಂಡರು? ಈ ನಾಲ್ಕು ಪ್ರಶ್ನೆಗಳನ್ನು ಕೇಳಿದಾಗ ಮಾತ್ರ ನಿಟ್ಟುಸಿರು ತಿಳಿವಳಿಕೆಯಾಗುತ್ತದೆ. ನಾಲ್ಕನೆಯ ಪ್ರಶ್ನೆಯನ್ನು ನಾವು ಸಾಮಾನ್ಯವಾಗಿ ಮರೆಯುತ್ತೇವೆ. ಇಲ್ಲಿ ಅದನ್ನೇ ಮುಖ್ಯವಾಗಿ ಹಿಡಿಯೋಣ.

ನೀರನ್ನು ಕೂಡಿಡುವ ಲೆಕ್ಕ

ಕಾಳಿ ನದಿ ಜೋಯಿಡಾ ತಾಲ್ಲೂಕಿನ ಡಿಗ್ಗಿ ಎಂಬಲ್ಲಿ ಹುಟ್ಟಿ, ಸುಮಾರು 184 ಕಿಲೋಮೀಟರು ಹರಿದು ಕಾರವಾರದ ಬಳಿ ಅರಬ್ಬೀ ಸಮುದ್ರ ಸೇರುತ್ತದೆ. ಘಟ್ಟದ ಮೇಲಿನಿಂದ ಕಡಲಿನ ಮಟ್ಟಕ್ಕೆ ಇಷ್ಟು ಕಡಿಮೆ ದೂರದಲ್ಲಿ ಇಳಿಯುವ ನದಿಯಲ್ಲಿ ವಿದ್ಯುತ್ತಿನ ಶಕ್ತಿ ಅಡಗಿರುತ್ತದೆ ಎಂಬುದನ್ನು ನೀವು ಭೌತಶಾಸ್ತ್ರದಲ್ಲಿ ಓದಿದ್ದೀರಿ. ತೊಡಕು ಇರುವುದು ಮಳೆಯಲ್ಲಿ. ಇಲ್ಲಿ ಮಳೆಯ ಬಹುಭಾಗ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ ಸುರಿದುಬಿಡುತ್ತದೆ. ವಿದ್ಯುತ್ತು ಬೇಕಾದದ್ದು ಹನ್ನೆರಡು ತಿಂಗಳು. ಮಳೆಗಾಲದ ನೀರನ್ನು ಬೇಸಿಗೆಗೆ ಕೂಡಿಡುವ ದೊಡ್ಡ ಕಣಜ ನದಿಯ ಮೇಲ್ಭಾಗದಲ್ಲಿಯೇ ಇರಬೇಕು. ಆ ಕಣಜಕ್ಕೆ ತಕ್ಕ ಸ್ಥಳವೆಂದು ತಜ್ಞರು ಆರಿಸಿದ್ದು ಎರಡು ನದಿಗಳ ನೀರು ಒಂದೇ ಕಡೆ ಸಿಗುವ ಸೂಪಾ ಕಣಿವೆಯನ್ನು.

ಗಣೇಶಗುಡಿಯ ಬಳಿ 101 ಮೀಟರ್ ಎತ್ತರದ ಕಾಂಕ್ರೀಟ್ ಅಣೆಕಟ್ಟು ಎದ್ದಿತು. 1987ರ ಹೊತ್ತಿಗೆ ಕೆಲಸ ಪೂರ್ಣಗೊಂಡಿತು. ರಾಜ್ಯದ ಅತಿ ಎತ್ತರದ ಅಣೆಕಟ್ಟುಗಳ ಸಾಲಿನಲ್ಲಿ ಇದಕ್ಕೆ ಸ್ಥಾನವಿದೆ. ಇದರ ಹಿಂದಿನ ಜಲಾಶಯದಲ್ಲಿ 145 ಟಿ.ಎಂ.ಸಿ.ಗೂ ಹೆಚ್ಚು ನೀರು ಹಿಡಿಯುತ್ತದೆ. ಒಂದು ಟಿ.ಎಂ.ಸಿ. ಎಂದರೆ ನೂರು ಕೋಟಿ ಘನ ಅಡಿ. ಜಲಾಶಯ ಅಂಚಿನವರೆಗೆ ತುಂಬುವ ವರ್ಷಗಳು ಅಪರೂಪ.

ಇಲ್ಲಿ ಕೂಡಿಟ್ಟ ನೀರು ಎಷ್ಟು ಬಾರಿ ದುಡಿಯುತ್ತದೆ ಎಂಬುದನ್ನು ಗಮನಿಸಿ. ಮೊದಲು ಅಣೆಕಟ್ಟಿನ ಬುಡದಲ್ಲಿರುವ 100 ಮೆಗಾವ್ಯಾಟ್ ಸಾಮರ್ಥ್ಯದ ವಿದ್ಯುದಾಗಾರದಲ್ಲಿ ಅದು ಚಕ್ರ ತಿರುಗಿಸುತ್ತದೆ. ಮುಂದೆ ಬೊಮ್ಮನಹಳ್ಳಿ ಜಲಾಶಯ ಸೇರಿ, ಅಲ್ಲಿಂದ ಅಂಬಿಕಾನಗರದ ಬಳಿಯ ನಾಗಝರಿ ವಿದ್ಯುದಾಗಾರಕ್ಕೆ ಧುಮುಕುತ್ತದೆ. ನಾಗಝರಿಯ ಆರು ಘಟಕಗಳ ಒಟ್ಟು ಸಾಮರ್ಥ್ಯ ಸುಮಾರು 900 ಮೆಗಾವ್ಯಾಟ್. ಇನ್ನೂ ಕೆಳಗೆ, 1990ರ ದಶಕದ ಕೊನೆಯಲ್ಲಿ ಕೆಲಸ ಆರಂಭಿಸಿದ ಕೊಡಸಳ್ಳಿ ಮತ್ತು ಕದ್ರಾ ವಿದ್ಯುದಾಗಾರಗಳಿವೆ. ಕದ್ರಾ ಹಿನ್ನೀರಿನ ಅಂಚಿನಲ್ಲಿ ಕೈಗಾ ಅಣುವಿದ್ಯುತ್ ಸ್ಥಾವರವಿದೆ. 2000ದಿಂದ 2011ರ ನಡುವೆ ಒಂದೊಂದಾಗಿ ಕೆಲಸಕ್ಕೆ ತೊಡಗಿದ ಅದರ ನಾಲ್ಕು ಘಟಕಗಳಿಗೆ ತಂಪು ಮಾಡಲು ಬೇಕಾದ ನೀರೂ ಈ ನದಿಯದೇ. ನೀವು ಬೆಂಗಳೂರಿನಲ್ಲಿರಿ, ಹುಬ್ಬಳ್ಳಿಯಲ್ಲಿರಿ, ರಾತ್ರಿ ದೀಪದಡಿ ಕುಳಿತು ಓದುವಾಗ ಆ ಬೆಳಕಿನಲ್ಲಿ ಕಾಳಿಯ ಪಾಲೂ ಸ್ವಲ್ಪ ಇರಬಹುದು.

ಇದು ಲೆಕ್ಕದ ಒಂದು ಬದಿ. ಇನ್ನೊಂದು ಬದಿಯಲ್ಲಿ ಸೂಪಾ ಇದೆ. ಕಣಜ ತುಂಬಬೇಕಾದರೆ ಕಣಜದ ತಳದಲ್ಲಿದ್ದವರು ಏಳಬೇಕು. ಸೂಪಾ ಪೇಟೆಯೂ ಸುತ್ತಲಿನ ಹಳ್ಳಿಗಳೂ ಮುಳುಗಿದವು. ಮನೆ, ನದಿ ದಂಡೆಯ ಗದ್ದೆ, ದೇವರ ಗುಡಿ, ಸ್ಮಶಾನ ಎಲ್ಲವೂ ನೀರಿನ ಅಡಿಗೆ ಹೋದವು. ಊರಿನ ಹೆಸರು ಮಾತ್ರ ಉಳಿಯಿತು. ಅದು ಉಳಿದದ್ದು ಆ ಊರನ್ನು ಮುಳುಗಿಸಿದ ಅಣೆಕಟ್ಟಿನ ಮೇಲೆ. ಇಂದು ಸೂಪಾ ಎಂದರೆ ಹೆಚ್ಚಿನವರ ಮನಸ್ಸಿಗೆ ಬರುವುದು ಊರಲ್ಲ, ಅಣೆಕಟ್ಟು.

ರಾಮನಗರ: ಎದ್ದು ಬಂದವರ ಊರು

ಮುಳುಗಡೆಯಾದವರಿಗೆ ಪುನರ್ವಸತಿ ಕಲ್ಪಿಸಿದ ಮುಖ್ಯ ಸ್ಥಳ ರಾಮನಗರ. ಲೋಂಡಾ ಕಡೆಯಿಂದ ಬಂದು ಅನಮೋಡ ಘಟ್ಟ ಇಳಿದು ಗೋವೆಗೆ ಹೋಗುವ ಲಾರಿ, ಬಸ್ಸುಗಳು ಈ ಊರಿನ ಮೂಲಕ ಹಾದುಹೋಗುತ್ತವೆ. ದಾರಿಹೋಕನಿಗೆ ಇದು ಹೆದ್ದಾರಿಯ ಬದಿಯ ಇನ್ನೊಂದು ಊರು, ಚಹಾ ಕುಡಿಯಲು ಇಳಿಯುವ ಜಾಗ. ಕನ್ನಡ, ಕೊಂಕಣಿ, ಮರಾಠಿ, ಉರ್ದು ಮಾತುಗಳು ಅಲ್ಲಿ ಒಂದೇ ಅಂಗಡಿಯ ಮುಂದೆ ಕೇಳಿಬರುತ್ತವೆ. ಆದರೆ ಇಲ್ಲಿನ ಹಿರಿಯರಲ್ಲಿ ಎಷ್ಟೋ ಜನರಿಗೆ ಹುಟ್ಟಿದ ಊರು ಬೇರೆ. ಅಲ್ಲಿಗೆ ಈಗ ನಡೆದು ಹೋಗಲು ಬರುವುದಿಲ್ಲ.

ನದಿಯ ದಂಡೆಯಲ್ಲಿ ಬೆಳೆದ ಕುಟುಂಬ ಹೆದ್ದಾರಿಯ ದಂಡೆಗೆ ಬಂದಾಗ ಆಗುವ ಬದಲಾವಣೆ ವಿಳಾಸದ್ದಷ್ಟೇ ಅಲ್ಲ. ಹಳೆಯ ಊರಿನಲ್ಲಿ ನೀರು ಎಲ್ಲಿ, ಸೌದೆ ಎಲ್ಲಿ, ದನ ಮೇಯುವ ಬೇಣ ಎಲ್ಲಿ, ಯಾವ ತಿಂಗಳು ಯಾವ ಗಡ್ಡೆ ಅಗೆಯಬೇಕು, ಮೀನು ಯಾವ ಮಡುವಿನಲ್ಲಿ ಸಿಗುತ್ತದೆ ಎಂಬುದೆಲ್ಲ ಮನೆಯ ಮಕ್ಕಳಿಗೂ ಗೊತ್ತಿತ್ತು. ಈ ತಿಳಿವಳಿಕೆ ಆ ನೆಲಕ್ಕೆ ಅಂಟಿಕೊಂಡದ್ದು. ಅದನ್ನು ಗಂಟುಕಟ್ಟಿ ಲಾರಿಯಲ್ಲಿ ಹೇರಿ ತರಲಾಗದು. ಹೊಸ ಊರಿನಲ್ಲಿ ಅದನ್ನು ಮೊದಲಿನಿಂದ ಕಲಿಯಬೇಕು, ಇಲ್ಲವೇ ಅದಿಲ್ಲದೆ ಬದುಕುವುದನ್ನು ಕಲಿಯಬೇಕು.

ಪರಿಹಾರದ ಲೆಕ್ಕವೂ ಇಲ್ಲಿ ಮುಖ್ಯ. ಅಂದು ಭೂಮಿ ವಶಪಡಿಸಿಕೊಳ್ಳುತ್ತಿದ್ದದ್ದು 1894ರ ಕಾಯಿದೆಯ ಪ್ರಕಾರ. ಆ ಕಾಯಿದೆ ಮುಖ್ಯವಾಗಿ ಲೆಕ್ಕ ಹಿಡಿಯುತ್ತಿದ್ದದ್ದು ದಾಖಲೆಯಲ್ಲಿದ್ದ ಆಸ್ತಿಯನ್ನು. ಕಾಡಿನ ಜೇನು, ಬಿದಿರು, ಹುಲ್ಲು, ನದಿಯ ಮೀನು ಇವುಗಳಿಗೆ ಪಹಣಿಯಿಲ್ಲ. ಬೇರೆಯವರ ಗದ್ದೆಯಲ್ಲಿ ಕೂಲಿ ಮಾಡುತ್ತಿದ್ದವರಿಗೂ ಪಹಣಿಯಿಲ್ಲ. ಕಾಗದದಲ್ಲಿ ಇಲ್ಲದ್ದು ಪರಿಹಾರದ ಪಟ್ಟಿಗೆ ಬರುವುದು ಕಷ್ಟವಾಗಿತ್ತು. ಈ ಕೊರತೆಯನ್ನು ದೇಶ ಗುರುತಿಸಲು ಬಹಳ ಕಾಲ ಹಿಡಿಯಿತು. 2013ರಲ್ಲಿ ಬಂದ ಹೊಸ ಭೂಸ್ವಾಧೀನ ಕಾಯಿದೆ, ಭೂಮಿಯ ಒಡೆಯರಲ್ಲದಿದ್ದರೂ ಆ ನೆಲವನ್ನು ನೆಚ್ಚಿ ಬದುಕುವ ಕುಟುಂಬಗಳನ್ನೂ ಬಾಧಿತರೆಂದು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಸೂಪಾದವರು ಎದ್ದು ಬಂದು ಅಷ್ಟರಲ್ಲಿ ಒಂದು ತಲೆಮಾರು ಕಳೆದಿತ್ತು.

ಇನ್ನೊಂದು ಮಾತು. ರಾಜ್ಯಕ್ಕೆಲ್ಲ ಬೆಳಕು ಕೊಟ್ಟ ಜೋಯಿಡಾ ತಾಲ್ಲೂಕಿನ ಒಳಕಾಡಿನ ಎಷ್ಟೋ ಮಜರೆಗಳು ಅಣೆಕಟ್ಟು ಮುಗಿದ ಮೇಲೂ ದಶಕಗಳ ಕಾಲ ಚಿಮಣಿ ದೀಪದಲ್ಲಿಯೇ ಇದ್ದವು. ದಟ್ಟ ಕಾಡಿನ ನಡುವೆ ಚದರಿದ ನಾಲ್ಕಾರು ಮನೆಗಳಿಗೆ ತಂತಿ ಎಳೆಯುವುದು ಖರ್ಚಿನ ಕೆಲಸ, ಅದಕ್ಕೆ ಅರಣ್ಯದ ಅನುಮತಿಯೂ ಬೇಕು ಎಂಬುದು ನಿಜ. ಆದರೂ ವಿದ್ಯುತ್ತು ಹುಟ್ಟುವ ತಾಲ್ಲೂಕಿನಲ್ಲಿಯೇ ಕತ್ತಲೆ ಉಳಿದದ್ದನ್ನು ನಮ್ಮ ನಾಲ್ಕನೆಯ ಪ್ರಶ್ನೆಯ ಕೆಳಗೆ ಬರೆದುಕೊಳ್ಳಲೇಬೇಕು.

ಸೂಪಾ ಒಂಟಿಯಲ್ಲ. ಶರಾವತಿಗೆ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿದಾಗ ಮಲೆನಾಡಿನ ಸಾವಿರಾರು ಕುಟುಂಬಗಳು ಎದ್ದವು. ಕೃಷ್ಣೆಯ ಆಲಮಟ್ಟಿ ಹಿನ್ನೀರಿನಿಂದ ಹಳೆಯ ಬಾಗಲಕೋಟೆಯ ಭಾಗಗಳು ಮುಳುಗಿ ನವನಗರ ಎದ್ದಿತು. ಹೊರದೇಶದ ಉದಾಹರಣೆ ಬೇಕೆಂದರೆ ನೈಲ್ ನದಿಯ ಆಸ್ವಾನ್ ಅಣೆಕಟ್ಟನ್ನು ನೋಡಿ. 1960ರ ದಶಕದಲ್ಲಿ ಅದರ ನೀರಿನಲ್ಲಿ ಸುಡಾನಿನ ವಾದಿ ಹಾಲ್ಫಾ ಪಟ್ಟಣ ಮುಳುಗಿತು. ಅಲ್ಲಿನ ನೂಬಿಯನ್ ಜನರಲ್ಲಿ ಹೆಚ್ಚಿನವರನ್ನು ದೂರದ ಬೇರೊಂದು ಬಯಲಿಗೆ ಸಾಗಿಸಿ ಆ ಊರಿಗೆ ನ್ಯೂ ಹಾಲ್ಫಾ ಎಂದು ಹೆಸರಿಟ್ಟರು. ಅದೇ ನೀರಿನ ದಾರಿಯಲ್ಲಿದ್ದ ಈಜಿಪ್ಟಿನ ಅಬು ಸಿಂಬೆಲ್ ದೇವಾಲಯಗಳನ್ನು ಮಾತ್ರ ಹಲವು ದೇಶಗಳ ನೆರವಿನಿಂದ ಕಲ್ಲು ಕಲ್ಲಾಗಿ ಕತ್ತರಿಸಿ ಎತ್ತರದ ಜಾಗದಲ್ಲಿ ಮತ್ತೆ ಜೋಡಿಸಿದರು. ಕಲ್ಲಿನ ಗುಡಿಯನ್ನು ಹಾಗೆ ಎತ್ತಿ ಜೋಡಿಸಬಹುದು. ಒಂದು ಊರಿನ ಬದುಕನ್ನು ಹಾಗೆ ಜೋಡಿಸಲು ಬರುವುದಿಲ್ಲ.

ಹಳೆಯದೆಂದು ಕಾಣುವುದೆಲ್ಲ ಹಳೆಯದಲ್ಲ

ಈಗ ರಾಮನಗರದಿಂದ ದಾಂಡೇಲಿಯ ಕಡೆ ಹೊರಡೋಣ. ದಾರಿಯ ಎರಡೂ ಬದಿಗೆ ಕಾಡು. "ಊರು ಬದಲಾದರೂ ಕಾಡು ಮಾತ್ರ ಹಾಗೇ ಇದೆ" ಎಂದು ಮರಳಿ ಬಂದವರಿಗೆ ಅನ್ನಿಸುವುದು ಸಹಜ. ವಾಹನ ನಿಧಾನಿಸಿ ಮರಗಳ ಸಾಲನ್ನು ನೋಡಿ. ಬಹಳ ಕಡೆ ತೇಗದ ಮರಗಳು ನೇರವಾದ ಸಾಲಿನಲ್ಲಿ, ಸಮ ಅಂತರದಲ್ಲಿ, ಹೆಚ್ಚುಕಡಿಮೆ ಒಂದೇ ದಪ್ಪದಲ್ಲಿ ನಿಂತಿರುತ್ತವೆ. ತಾನಾಗಿ ಬೆಳೆದ ಕಾಡು ಹಾಗೆ ಸಾಲುಗಟ್ಟಿ ನಿಲ್ಲುವುದಿಲ್ಲ. ಅದು ನೆಟ್ಟ ಕಾಡು.

ಈ ಜಿಲ್ಲೆ 1862ರಲ್ಲಿ ಮದ್ರಾಸ್ ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. ಅಂದಿನ ಸರ್ಕಾರಕ್ಕೆ ಇಲ್ಲಿನ ತೇಗದ ಮೇಲೆ ಕಣ್ಣಿತ್ತು. ಕಾಡಿನ ಅಂಚಿನ ಜನ ಸ್ವಲ್ಪ ಜಾಗ ಕಡಿದು ಸುಟ್ಟು ರಾಗಿ ಮೊದಲಾದ ಧಾನ್ಯ ಬೆಳೆದು, ಕೆಲವು ವರ್ಷಗಳ ಮೇಲೆ ಅದನ್ನು ಬಿಟ್ಟು ಮುಂದೆ ಹೋಗುವ ಕುಮರಿ ಬೇಸಾಯ ಮಾಡುತ್ತಿದ್ದರು. ಹತ್ತೊಂಬತ್ತನೆಯ ಶತಮಾನದಲ್ಲಿ ಸರ್ಕಾರ ಅದಕ್ಕೆ ಕಡಿವಾಣ ಹಾಕಿತು. ಎಷ್ಟೋ ಕಡೆ ಮಿಶ್ರ ಕಾಡು ಹೋಗಿ ತೇಗದ ತೋಪು ಬಂತು. ಆದ್ದರಿಂದ ನಮ್ಮ ಅಜ್ಜಂದಿರು "ಹಳೆಯ ಕಾಡು" ಎಂದು ಕರೆದದ್ದು ಅವರ ಅಜ್ಜಂದಿರ ಕಣ್ಣಿಗೆ ಹೊಸ ಕಾಡಾಗಿತ್ತು.

ಬಿದಿರಿನ ಕಥೆ ಇನ್ನೂ ಪಾಠ ಕಲಿಸುವಂಥದು. ದಾಂಡೇಲಿಯಲ್ಲಿ 1955ರಲ್ಲಿ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್ ಸ್ಥಾಪನೆಯಾಯಿತು. 1959ರಲ್ಲಿ ಕಾಗದ ತಯಾರಾಗತೊಡಗಿತು. ಸುತ್ತಲಿನ ಕಾಡಿನ ಬಿದಿರೇ ಅದರ ಕಚ್ಚಾ ಸಾಮಗ್ರಿ. ಕೆಲವೇ ವರ್ಷಗಳಲ್ಲಿ ಬಿದಿರು ಕಡಿಮೆಯಾಗತೊಡಗಿದಾಗ, 1970ರ ದಶಕದಲ್ಲಿ ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರು ಇದರ ಅಧ್ಯಯನಕ್ಕೆ ಬಂದರು. ಬಿದಿರು ಮೆಳೆಯ ಬುಡದಲ್ಲಿ ಮುಳ್ಳಿನ ಹೊದಿಕೆ ಇರುತ್ತದೆ. ಅದನ್ನು ಕಡಿದು ಚೊಕ್ಕಟ ಮಾಡಿದರೆ ಹಿಂಡು ವಿರಳವಾಗಿ ಬಿದಿರು ಚೆನ್ನಾಗಿ ಬೆಳೆಯುತ್ತದೆ ಎಂಬ ನಂಬಿಕೆಯಿಂದ ಹಾಗೆ ಮಾಡುವ ಪದ್ಧತಿ ಇತ್ತು. ಮುಳ್ಳು ತೆಗೆದರೆ ಎಳೆಯ ಕಳಲೆಯನ್ನು ದನಗಳೂ ಕಾಡುಪ್ರಾಣಿಗಳೂ ತಿಂದುಬಿಡುತ್ತವೆ ಎಂದು ಹಳ್ಳಿಯವರು ಹೇಳುತ್ತಿದ್ದರು. ಅಧ್ಯಯನದಲ್ಲಿ ಹಳ್ಳಿಯವರ ಮಾತೇ ಸರಿ ಎಂದು ಕಂಡುಬಂತು. ಓದಿದವರ ಪುಸ್ತಕದಲ್ಲಿ ಇಲ್ಲದ್ದು ಕಾಡಿನಲ್ಲಿ ದಿನವೂ ಓಡಾಡುವವರ ಕಣ್ಣಿಗೆ ಬಿದ್ದಿತ್ತು. ಬದಲಾವಣೆಯನ್ನು ತಿಳಿಯಲು ಹೊರಟವರು ಮೊದಲು ಅಲ್ಲೇ ಇದ್ದವರನ್ನು ಕೇಳಬೇಕು ಎಂಬುದಕ್ಕೆ ಇದೊಂದು ಉದಾಹರಣೆ.

ಕಾಡಿಗೆ ಕಾವಲೂ ಬಂತು. ದಾಂಡೇಲಿ ವನ್ಯಧಾಮ 1956ರಲ್ಲಿ ಘೋಷಣೆಯಾಗಿತ್ತು. ಸೂಪಾ ಅಣೆಕಟ್ಟು ಮುಗಿದ 1987ರಲ್ಲಿಯೇ ಅಣಶಿ ರಾಷ್ಟ್ರೀಯ ಉದ್ಯಾನವೂ ಆಯಿತು. 2007ರಲ್ಲಿ ಎರಡೂ ಸೇರಿ ಹುಲಿ ಸಂರಕ್ಷಿತ ಪ್ರದೇಶವಾದವು. 2015ರಲ್ಲಿ ಅದಕ್ಕೆ ಕಾಳಿ ಹುಲಿ ಸಂರಕ್ಷಿತ ಪ್ರದೇಶ ಎಂಬ ಹೆಸರು ಬಂತು. ಮರ ಕಡಿಯಲು ಜನ ಬರುತ್ತಿದ್ದ ಊರಿಗೆ ಈಗ ಮಂಗಟ್ಟೆ ಹಕ್ಕಿ ನೋಡಲು ಜನ ಬರುತ್ತಾರೆ. ಗಣೇಶಗುಡಿಯ ಬಳಿ ರಬ್ಬರ್ ದೋಣಿಯಲ್ಲಿ ಬಿಳಿನೊರೆಯ ನೀರಿನ ಮೇಲೆ ಜಾರುವ ಆಟವಿದೆ. ಆ ನೀರಿನ ರಭಸ ಅಣೆಕಟ್ಟಿನಿಂದ ವಿದ್ಯುತ್ತಿಗಾಗಿ ಬಿಡುವ ನೀರಿನದು. ನದಿ ಯಾವಾಗ ಏರಬೇಕು, ಯಾವಾಗ ಇಳಿಯಬೇಕು ಎಂಬುದನ್ನು ಮಳೆಯ ಜೊತೆಗೆ ವಿದ್ಯುತ್ತಿನ ಬೇಡಿಕೆಯೂ ತೀರ್ಮಾನಿಸುತ್ತದೆ. ದೋಣಿಯಲ್ಲಿ ಕೇಕೆ ಹಾಕುವ ಪ್ರವಾಸಿಗೆ ಅದು ಕಾಡಿನ ನದಿಯಾಗಿಯೇ ಕಾಣುತ್ತದೆ.

ಹುಲಿಗೆ ಜಾಗ ಮಾಡಿಕೊಡಲು ಒಳಕಾಡಿನ ಕುಟುಂಬಗಳು ಸ್ವಇಚ್ಛೆಯಿಂದ ಹೊರಬಂದರೆ ಪರಿಹಾರ ಕೊಡುವ ಯೋಜನೆಯೂ ನಡೆದಿದೆ. ಕುಟುಂಬಕ್ಕೆ 10 ಲಕ್ಷ ರೂಪಾಯಿ ಇದ್ದದ್ದು 2021ರಲ್ಲಿ 15 ಲಕ್ಷವಾಯಿತು. ಶಾಲೆ, ಆಸ್ಪತ್ರೆ ಹತ್ತಿರವಾಗಲೆಂದು ಹೊರಡುವವರಿದ್ದಾರೆ, ನೆಲ ಬಿಡುವುದಿಲ್ಲ ಎನ್ನುವವರೂ ಇದ್ದಾರೆ. ಜೋಯಿಡಾದ ಕುಣಬಿಗಳು ಮುಡ್ಲಿ, ಕೋನ ಮುಂತಾದ ಹತ್ತಾರು ಬಗೆಯ ಗಡ್ಡೆಗಳನ್ನು ತಲೆಮಾರುಗಳಿಂದ ಕಾಪಾಡಿಕೊಂಡು ಬಂದವರು. ಜೋಯಿಡಾದಲ್ಲಿ ನಡೆಯುವ ಗಡ್ಡೆ-ಗೆಣಸಿನ ಮೇಳದಲ್ಲಿ ನೀವು ಅವನ್ನು ನೋಡಬಹುದು. ಒಂದು ಕುಟುಂಬ ಕಾಡಿನಿಂದ ಹೊರಬಂದಾಗ ಆ ಗಡ್ಡೆಗಳೂ ಅವುಗಳ ತಿಳಿವಳಿಕೆಯೂ ಎಲ್ಲಿಗೆ ಹೋಗುತ್ತವೆ ಎಂಬ ಪ್ರಶ್ನೆ ಸೂಪಾದ ಕಾಲದಲ್ಲಿ ಯಾರೂ ಕೇಳದೆ ಬಿಟ್ಟದ್ದು. ಈಗಲಾದರೂ ಕೇಳಬಹುದು.

ಹೋದದ್ದೆಲ್ಲ ಒಳ್ಳೆಯದಾಗಿತ್ತೇ?

ಇಲ್ಲಿ ಒಂದು ಎಚ್ಚರಿಕೆ ಬೇಕು. ನೆನಪು ಒಳ್ಳೆಯದನ್ನು ದೊಡ್ಡದು ಮಾಡುತ್ತದೆ. ಹಳೆಯ ಸೂಪಾ ಸೀಮೆ ಜ್ವರದ ಸೀಮೆಯೆಂದು ಹೆಸರಾಗಿತ್ತು. ಮಲೇರಿಯಾದಿಂದ ಮನೆಗಳು ಖಾಲಿಯಾದ ಕಾಲವಿತ್ತು. 1953ರಲ್ಲಿ ದೇಶದಲ್ಲಿ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಆರಂಭವಾಗಿ, ಹಳ್ಳಿ ಹಳ್ಳಿಗೆ ಡಿ.ಡಿ.ಟಿ. ಸಿಂಪಡಿಸಿದ ಮೇಲೆ ಮಲೆನಾಡಿನ ಬದುಕು ಹಗುರವಾಯಿತು. ಮಳೆಗಾಲದಲ್ಲಿ ಹಳ್ಳ ಏರಿದರೆ ದಾಟಲಾಗದ ದಾರಿಗಳು, ಹೆರಿಗೆಗೆ ಕಂಬಳಿಯಲ್ಲಿ ಹೊತ್ತು ಸಾಗಿಸಬೇಕಾದ ಕಷ್ಟ ಇವೆಲ್ಲ ಕಾಡಿನ ಊರುಗಳ ಹಳೆಯ ದಿನಗಳ ಭಾಗವೇ. ಹೆದ್ದಾರಿಯ ಮೇಲಿನ ರಾಮನಗರದಲ್ಲಿ ಬೆಳೆದ ಹುಡುಗಿಗೆ ಬೆಳಗಾವಿಯ ಕಾಲೇಜಿಗೆ ಬಸ್ಸು ಸಿಗುತ್ತದೆ. ಅವಳ ಅಜ್ಜಿಗೆ ಸೂಪಾ ಕಣಿವೆಯಲ್ಲಿ ಆ ಅನುಕೂಲ ಇರಲಿಲ್ಲ. ಈ ಲಾಭವನ್ನೂ ಲೆಕ್ಕದಲ್ಲಿ ಬರೆಯಬೇಕು. ಒಂದು ಕಡೆಯದನ್ನು ಮಾತ್ರ ಬರೆದರೆ ಅದು ಲೆಕ್ಕವಾಗುವುದಿಲ್ಲ.

ಕೆಲವು ಬದಲಾವಣೆಗಳಿಗೆ ಯಾರೂ ಕಣ್ಣೀರು ಹಾಕುವುದಿಲ್ಲ. ರಾಮನಗರದಿಂದ ಹೆಚ್ಚು ದೂರವಿಲ್ಲದ ಕ್ಯಾಸಲ್‌ರಾಕ್ 1961ರ ಡಿಸೆಂಬರ್‌ವರೆಗೆ ಬೇರೆ ದೇಶದ ಗಡಿಯ ನಿಲ್ದಾಣವಾಗಿತ್ತು. ಅದರಾಚೆ ಪೋರ್ಚುಗೀಸರ ಆಡಳಿತ. ರೈಲು ನಿಂತು ಸುಂಕದ ತಪಾಸಣೆ ಆಗಬೇಕಿತ್ತು. ಗೋವಾ ವಿಮೋಚನೆಯ ನಂತರ ಆ ಗಡಿ ಎರಡು ರಾಜ್ಯಗಳ ನಡುವಿನ ಗೆರೆ ಮಾತ್ರವಾಯಿತು. 1990ರ ದಶಕದಲ್ಲಿ ಮೀಟರ್ ಗೇಜ್ ಹಳಿ ಹೋಗಿ ಬ್ರಾಡ್ ಗೇಜ್ ಬಂತು. ಇಂದು ಘಟ್ಟ ಇಳಿಯುವ ಪ್ರಯಾಣಿಕರು ದೂಧಸಾಗರ ಜಲಪಾತ ನೋಡಲು ಕಿಟಕಿಗೆ ಮುಗಿಬೀಳುತ್ತಾರೆ.

ಮರಳಲಾಗದೆ ಬಂದವರು

ಈಗ ಸೀಮೆಯ ಪೂರ್ವದ ಅಂಚಿನಲ್ಲಿರುವ ಮುಂಡಗೋಡಕ್ಕೆ ಬನ್ನಿ. ರಾಮನಗರ ಇಲ್ಲಿಯವರೇ ಇಲ್ಲಿಯೇ ಬೇರೆಡೆಗೆ ಹೋಗಿ ನೆಲೆಸಿದ ಊರು. ಮುಂಡಗೋಡದ ಬಳಿ ಇರುವುದು ಬಹು ದೂರದಿಂದ ಬಂದವರ ನೆಲೆ. 1959ರಲ್ಲಿ ಟಿಬೆಟ್ ಬಿಟ್ಟು ಬಂದವರಿಗಾಗಿ 1966ರಲ್ಲಿ ಇಲ್ಲಿ ವಸತಿ ಆರಂಭವಾಯಿತು. ಲಾಸಾದ ಬಳಿಯ ಪ್ರಸಿದ್ಧ ಡ್ರೆಪುಂಗ್ ಮತ್ತು ಗಾಂದೆನ್ ಮಠಗಳು ಇಲ್ಲಿ ಮತ್ತೆ ಎದ್ದವು. ಹಿಮದ ನಾಡಿನಿಂದ ಬಂದವರು ಕಾಡಿನ ಅಂಚಿನ ಜಮೀನಿನಲ್ಲಿ ಗೋವಿನಜೋಳ ಬೆಳೆಯಲು ಕಲಿತರು. ಚಳಿಗಾಲದಲ್ಲಿ ಪಟ್ಟಣಗಳ ಬೀದಿಯಲ್ಲಿ ಉಣ್ಣೆಯ ಸ್ವೆಟರ್ ಮಾರಿದರು. ಸುತ್ತಲಿನ ಊರವರ ಜೊತೆ ವ್ಯವಹರಿಸಲು ಕನ್ನಡ ಕಲಿತರು.

ಬಂದವರ ಮೊದಲ ತಲೆಮಾರಿಗೆ ಮುಂಡಗೋಡ ಪರದೇಶವಾಗಿತ್ತು. ಇಲ್ಲಿಯೇ ಹುಟ್ಟಿದ ಮಕ್ಕಳಿಗೆ ಅದು ಶಾಲೆಗೆ ಹೋದ ಊರು, ಮಳೆಯ ವಾಸನೆ ಗೊತ್ತಿರುವ ಊರು. ಟಿಬೆಟ್ ಅವರಿಗೆ ಹಿರಿಯರ ಮಾತಿನಲ್ಲಿ, ಮಠದ ಗೋಡೆಯ ಚಿತ್ರದಲ್ಲಿ ಇರುವ ನಾಡು. ರಾಮನಗರದಲ್ಲಿಯೂ ಹೀಗೆಯೇ. 1990ರ ನಂತರ ಅಲ್ಲಿ ಹುಟ್ಟಿದವರಿಗೆ ರಾಮನಗರವೇ ಹುಟ್ಟೂರು, ಸೂಪಾ ಅಜ್ಜನ ಮನೆಯ ಕಥೆ. ಎರಡೂ ಕಡೆ ಕಾರಣಗಳು ಬೇರೆ ಬೇರೆ. ಆದರೆ ಒಂದು ತಲೆಮಾರು ಕಳೆದುಕೊಂಡದ್ದು ಮುಂದಿನ ತಲೆಮಾರಿಗೆ ಕಳೆದುಹೋದದ್ದಾಗಿ ಕಾಣುವುದಿಲ್ಲ ಎಂಬುದು ಎರಡೂ ಕಡೆ ನಿಜ.

ಜಾರುವ ಅಳತೆಗೋಲು

ಈ ಸಂಗತಿಗೆ ವಿಜ್ಞಾನದಲ್ಲಿ ಒಂದು ಹೆಸರಿದೆ. ಮೀನುಗಾರಿಕೆಯ ವಿಜ್ಞಾನಿ ಡೇನಿಯಲ್ ಪೌಲಿ 1995ರಲ್ಲಿ ಒಂದು ಚಿಕ್ಕ ಲೇಖನ ಬರೆದರು. ಪ್ರತಿ ತಲೆಮಾರಿನ ವಿಜ್ಞಾನಿಯೂ ತಾನು ಕೆಲಸಕ್ಕೆ ಸೇರಿದಾಗ ಕಡಲಿನಲ್ಲಿ ಎಷ್ಟು ಮೀನಿತ್ತೋ ಅದನ್ನೇ ಸಹಜ ಪ್ರಮಾಣವೆಂದು ತಿಳಿಯುತ್ತಾನೆ. ಅವನ ಕಾಲದಲ್ಲಿ ಆದ ಇಳಿಕೆಯನ್ನು ಮಾತ್ರ ಅಳೆಯುತ್ತಾನೆ. ಮುಂದಿನವನು ಆ ಇಳಿದ ಮಟ್ಟದಿಂದ ಅಳೆಯಲು ಆರಂಭಿಸುತ್ತಾನೆ. ಹೀಗೆ ಅಳತೆಗೋಲೇ ಕೆಳಗೆ ಕೆಳಗೆ ಜಾರುತ್ತ ಹೋಗುತ್ತದೆ. ಒಟ್ಟು ಎಷ್ಟು ಕಳೆದುಹೋಯಿತು ಎಂಬುದು ಯಾರಿಗೂ ಕಾಣದೆ ಹೋಗುತ್ತದೆ.

ಕಡಲಿಗೆ ಹೇಳಿದ ಈ ಮಾತು ಕಾಳಿ ಕಣಿವೆಗೂ ಹೊಂದುತ್ತದೆ. ಇಂದಿನ ಮಗುವಿಗೆ ಸೂಪಾ ಹಿನ್ನೀರು ಮೊದಲಿನಿಂದ ಇದ್ದ ಸರೋವರ. ಬೇಸಿಗೆಯಲ್ಲಿ ನೀರು ಇಳಿದಾಗ ಅಂಚಿನಲ್ಲಿ ನಿಂತ ಒಣಮರದ ಬೊಡ್ಡೆಗಳು ಚಿತ್ರ ತೆಗೆಯಲು ಚೆಂದದ ದೃಶ್ಯ. ಅವು ಒಂದು ಕಾಲದ ಕಾಡು ಎಂದು ಯಾರಾದರೂ ಹೇಳಿದರೆ ಮಾತ್ರ ತಿಳಿಯುತ್ತದೆ. ಬದಲಾವಣೆ ಎಂಬುದು ಇಬ್ಬರಿಗಷ್ಟೇ ಕಾಣುವ ವಸ್ತು: ಮೊದಲಿನದನ್ನು ಕಣ್ಣಾರೆ ಕಂಡವರಿಗೆ, ಇಲ್ಲವೇ ಕಂಡವರಿಂದ ಕೇಳಿ ಬರೆದಿಟ್ಟುಕೊಂಡವರಿಗೆ.

ಪ್ರತಿ ವರ್ಷ ಉಳವಿಯ ಚನ್ನಬಸವಣ್ಣನವರ ಜಾತ್ರೆಗೆ ಧಾರವಾಡ, ಬೆಳಗಾವಿ ಕಡೆಯ ರೈತರು ಚಕ್ಕಡಿ ಕಟ್ಟಿಕೊಂಡು ಇದೇ ಜೋಯಿಡಾ ತಾಲ್ಲೂಕಿನ ಕಾಡುದಾರಿಗೆ ಬರುತ್ತಾರೆ. ತಂದೆಯ ಜೊತೆ ಬಂದ ಹುಡುಗ ಮುಂದೆ ತನ್ನ ಮಗನನ್ನು ಕರೆತರುತ್ತಾನೆ. ನೀರಿನ ಜಾಗ, ಎತ್ತು ಬಿಡುವ ಜಾಗ, ರಾತ್ರಿ ತಂಗುವ ಜಾಗ ಅವರಿಗೆ ಗೊತ್ತಿರಬೇಕು. ಹಾಗಾಗಿ ಈ ವರ್ಷ ಎಲ್ಲಿ ಹಳ್ಳ ಬತ್ತಿದೆ, ಎಲ್ಲಿ ಹೊಸ ಬೇಲಿ ಬಂದಿದೆ ಎಂಬುದು ಅವರ ಕಣ್ಣಿಗೆ ಕೂಡಲೇ ಬೀಳುತ್ತದೆ. ಮತ್ತೆ ಮತ್ತೆ ಬರುವುದು ನೋಡುವ ಒಳ್ಳೆಯ ವಿಧಾನ. ನಡಿಗೆಯ ವೇಗದಲ್ಲಿ ಬರುವುದು ಇನ್ನೂ ಒಳ್ಳೆಯದು.

ನೀವು ಮಾಡಬಹುದಾದ ಕೆಲಸ

ನಿಮ್ಮ ಊರು ಯಾವುದೇ ಇರಲಿ, ಕೆರೆ ಮುಚ್ಚಿ ಬಸ್ ನಿಲ್ದಾಣವಾದ ಊರಿರಲಿ, ಹೊಲ ಹೋಗಿ ಬಡಾವಣೆಯಾದ ಊರಿರಲಿ, ಈ ಕ್ರಮದಲ್ಲಿ ನೋಡಿ.

ಮೊದಲು ಒಂದು ಹಳೆಯ ನಕಾಶೆ, ಒಂದು ಹೊಸ ನಕಾಶೆ ಪಕ್ಕದಲ್ಲಿ ಇಟ್ಟುಕೊಂಡು ಯಾವ ಹೆಸರು ಹೋಯಿತು, ಯಾವುದು ಬಂತು ಎಂದು ಗುರುತು ಮಾಡಿ. ಜಿಲ್ಲಾ ಗ್ಯಾಸೆಟಿಯರ್ ಸಿಕ್ಕರೆ ನಿಮ್ಮ ತಾಲ್ಲೂಕಿನ ಪುಟಗಳನ್ನು ಓದಿ. ಎರಡನೆಯದಾಗಿ ಹೆಸರುಗಳನ್ನು ಕೇಳಿ. ಹಳ್ಳ, ಗುಡ್ಡ, ಗದ್ದೆಯ ಬಯಲು ಪ್ರತಿಯೊಂದಕ್ಕೂ ಊರವರು ಇಟ್ಟ ಹೆಸರಿರುತ್ತದೆ. ಸರ್ಕಾರಿ ನಕಾಶೆಯಲ್ಲಿ ಅವುಗಳಲ್ಲಿ ಕಾಲುಭಾಗವೂ ಇರುವುದಿಲ್ಲ. ಕನ್ನಡವಾಗಲಿ, ಕೊಂಕಣಿ, ಮರಾಠಿಯಾಗಲಿ, ಅವರು ಹೇಳಿದಂತೆಯೇ ಬರೆದುಕೊಳ್ಳಿ. ಮೂರನೆಯದಾಗಿ ಒಬ್ಬರನ್ನೇ ಕೇಳಿ ನಿಲ್ಲಿಸಬೇಡಿ. ಜಮೀನಿದ್ದವರನ್ನು ಕೇಳಿದಂತೆ ಅವರ ಗದ್ದೆಯಲ್ಲಿ ದುಡಿದವರನ್ನೂ ಕೇಳಿ. ಗಂಡಸರನ್ನು ಕೇಳಿದಂತೆ ನೀರು ತರುತ್ತಿದ್ದ ಹೆಂಗಸರನ್ನೂ ಕೇಳಿ. ಒಂದೇ ಊರಿನ ಬದಲಾವಣೆ ಇವರಿಗೆ ಬೇರೆ ಬೇರೆಯಾಗಿ ಕಂಡಿರುತ್ತದೆ. ನಾಲ್ಕನೆಯದಾಗಿ ಪ್ರತಿ ಸಂಗತಿಗೂ ಇಸವಿ ಹಾಕಿ. "ಆಗ", "ಮೊದಲು" ಎಂದಷ್ಟೇ ಬರೆದರೆ ಹತ್ತು ವರ್ಷದ ಮೇಲೆ ನಿಮಗೇ ಅರ್ಥವಾಗದು. ಇಸವಿ ನೆನಪಿಲ್ಲದವರು ಮದುವೆಯ ವರ್ಷ, ದೊಡ್ಡ ನೆರೆ ಬಂದ ವರ್ಷ, ಮಗ ಹುಟ್ಟಿದ ವರ್ಷ ಹೇಳುತ್ತಾರೆ. ಅದರಿಂದ ಲೆಕ್ಕ ಹಾಕಿ.

ರಾಮನಗರ, ಜೋಯಿಡಾ, ದಾಂಡೇಲಿ, ಹಳಿಯಾಳದ ವಿದ್ಯಾರ್ಥಿಗಳಿಗೆ ಒಂದು ವಿಶೇಷ ಮಾತು. ಸೂಪಾ ಪೇಟೆಯಲ್ಲಿ ಯಾವ ಮನೆಯ ಪಕ್ಕ ಯಾವ ಮನೆಯಿತ್ತು, ಹೊಳೆಗೆ ಇಳಿಯುವ ದಾರಿ ಎಲ್ಲಿತ್ತು, ಸಂತೆ ಎಲ್ಲಿ ಕೂಡುತ್ತಿತ್ತು ಎಂದು ಒಂದು ಹಾಳೆಯ ಮೇಲೆ ಗೆರೆ ಎಳೆದು ತೋರಿಸಬಲ್ಲವರು ಇನ್ನೂ ನಿಮ್ಮ ನಡುವೆ ಇದ್ದಾರೆ. ಆದರೆ 1985ರಲ್ಲಿ ಇಪ್ಪತ್ತು ವರ್ಷದವರಾಗಿದ್ದವರು ಈಗ ಅರವತ್ತು ದಾಟಿದ್ದಾರೆ. ಆಗಲೇ ನಲವತ್ತಾಗಿದ್ದವರು ಎಂಬತ್ತರ ಮೇಲಿದ್ದಾರೆ. ನೀರಿನ ಅಡಿಯಲ್ಲಿರುವ ಊರನ್ನು ಅವರ ನೆನಪಿನಿಂದ ಕಾಗದಕ್ಕೆ ಇಳಿಸುವ ಕೆಲಸಕ್ಕೆ ಉಳಿದಿರುವ ಕಾಲ ಹೆಚ್ಚಿಲ್ಲ. ಬರುವ ರಜೆಯಲ್ಲಿ ಒಂದು ನೋಟ್‌ಬುಕ್ಕು, ಒಂದು ಪೆನ್ಸಿಲ್ ತೆಗೆದುಕೊಂಡು ನಿಮ್ಮ ಕೇರಿಯ ಅಂಥ ಹಿರಿಯರೊಬ್ಬರ ಮನೆಗೆ ಹೋಗಿ. "ಅಜ್ಜಿ, ನಿಮ್ಮ ಊರಿನ ನಕಾಶೆ ಬರೆದುಕೊಳ್ಳಬೇಕು, ಹೊಳೆ ಯಾವ ಕಡೆ ಇತ್ತು ಹೇಳಿ" ಎಂದು ಅಲ್ಲಿಂದಲೇ ಶುರು ಮಾಡಿ.